ಕಾಲಿದ್ದವರಿಗೆ ಮೀಸಲು

ನಮ್ಮ ಭಾವ ಭದ್ರಾವತಿಯವರು. ಎರಡನೇ ವಯಸ್ಸಿನಲ್ಲಿ ಪೋಲಿಯೊ ಬಂದು ಬಲಗಾಲು ಅಲ್ಲಿಗೇ ನಿಂತುಬಿಟ್ಟಿತು. ಉಳಿದ ಮನುಷ್ಯ ಮಾತ್ರ ದಷ್ಟಪುಷ್ಟವಾಗಿ ಬೆಳೆದರು. ಹಿಂದಿನ ಚಕ್ರದ ಆಚೆಗೊಂದು ಈಚೆಗೊಂದು ಪುಟ್ಟ ಚಕ್ರ ಕೂರಿಸಿಕೊಂಡ ಸ್ಕೂಟರಿನಲ್ಲಿ ತಿಂಗಳಿಗೆರಡು ಸಲ ಬಿ.ಎಚ್. ರಸ್ತೆ ಹಿಡಿದು ಶಿವಮೊಗ್ಗಕ್ಕೆ ಬರುತ್ತಾರೆ. ಬಿ.ಎಚ್. ಅಂದರೆ ಬೆಂಗಳೂರು–ಹೊನ್ನಾವರ ಅಂತ ಶಾಲೆಯಲ್ಲಿ ಕಲಿತಿದ್ದೆ. ಭಾವನ ಪ್ರಕಾರ ಅದು ‘ಭಾರೀ ಹೊಂಡ’.

ಹೋದ ತಿಂಗಳು ಬಂದಾಗ ಇಬ್ಬರೂ ಊರಿನ ಒಂದು ದೊಡ್ಡ ಕಟ್ಟಡಕ್ಕೆ ಹೋದೆವು. ಯಾವ ಕಟ್ಟಡ ಅಂತ ಕೇಳಬೇಡಿ, ನಾಳೆ ನಾನೂ ಅಲ್ಲಿ ಗಾಡಿ ನಿಲ್ಲಿಸಬೇಕು. ಬೈಕುಗಳ ಸಾಲಿಗೆ ಹೋದರೆ ಪಾರ್ಕಿಂಗಿನ ಹುಡುಗ ಸೀಟಿ ಊದಿದ. “ಇದು ಎರಡು ಬೈಕಿನ ಜಾಗ ತಿನ್ನುತ್ತೆ ಸಾರ್, ಆ ಕಡೆ ಹೋಗಿ.” ಆ ಕಡೆ ಅಂದರೆ ಕಾರುಗಳ ಸಾಲು. ಅಲ್ಲಿದ್ದ ಇನ್ನೊಬ್ಬ ಹುಡುಗ, “ಇದು ಕಾರಲ್ಲ ಸಾರ್” ಅಂದ. ಅದು ನಮಗೂ ಗೊತ್ತಿತ್ತು. ನಾಲ್ಕು ಚಕ್ರವಿದ್ದರೂ ಕಾರಲ್ಲ, ಸ್ಕೂಟರಾದರೂ ದ್ವಿಚಕ್ರವಲ್ಲ. ನರಸಿಂಹಾವತಾರದ ಹಾಗೆ ಹೊಸ್ತಿಲ ಮೇಲೆ ನಿಲ್ಲಿಸಬೇಕಾದ ಗಾಡಿ.

ಆಗ ಕಣ್ಣಿಗೆ ಬಿತ್ತು, ನೆಲದ ಮೇಲೆ ನೀಲಿ ಬಣ್ಣದಲ್ಲಿ ಬರೆದ ಗಾಲಿಕುರ್ಚಿಯ ಚಿತ್ರ. ಪೂರ್ತಿ ಕಾಣಲಿಲ್ಲ. ಚಿತ್ರದ ಮುಕ್ಕಾಲು ಭಾಗದ ಮೇಲೆ ಒಂದು ಬಿಳೀ ದೊಡ್ಡ ಕಾರು ಕೂತಿತ್ತು.

“ಅದು ಸಾಹೇಬ್ರ ಗಾಡಿ” ಅಂದ ಹುಡುಗ.

“ಅಯ್ಯೋ ಪಾಪ, ಏನಾಗಿದೆ ಅವರಿಗೆ?” ಭಾವ ನಿಜವಾದ ಮರುಕದಿಂದಲೇ ಕೇಳಿದರು.

“ಏನಾಗ್ಬೇಕು? ಚೆನ್ನಾಗಿದಾರೆ.”

“ಮತ್ತೆ ಇಲ್ಲಿ ನಿಲ್ಸಿದಾರಲ್ಲ?”

“ಅವರಿಗೆ ಬೇಗ ಒಳಗೆ ಹೋಗ್ಬೇಕಲ್ಲ ಸಾರ್.” ಇಷ್ಟು ಹೇಳಿ, ಏನೋ ಹೊಳೆದವನಂತೆ ಭಾವನ ಕಡೆ ತಿರುಗಿದ. “ನಿಮ್ ಹತ್ರ ಕಾರ್ಡ್ ಇದೆಯಾ?”

ನಾನು ಈ ಅಂಕಣ ಬರೆಯುತ್ತಿರುವುದೇ ಆ ಪ್ರಶ್ನೆಯ ದೆಸೆಯಿಂದ.

ಹೊರದೇಶಗಳಲ್ಲಿ ಈ ಜಾಗಕ್ಕೆಂದೇ ಒಂದು ಪರ್ಮಿಟ್ ಇದೆ. ಇಂಗ್ಲೆಂಡಿನಲ್ಲಿ 1971ರಲ್ಲಿ ಕಿತ್ತಳೆ ಬಣ್ಣದ ಬಿಲ್ಲೆಯಾಗಿ ಶುರುವಾಗಿ 2000ದಲ್ಲಿ ನೀಲಿಯಾಯಿತು. ಅಮೆರಿಕದಲ್ಲಿ ಕಾರಿನ ಕನ್ನಡಿಗೆ ನೇತುಹಾಕುವ ಕಾರ್ಡು. ಎಲ್ಲಿ ಪರ್ಮಿಟ್ಟೋ ಅಲ್ಲಿ ಕಳ್ಳತನ. 1999ರಲ್ಲಿ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯವೊಂದರ ಫುಟ್‌ಬಾಲ್ ತಂಡದ ಒಂದು ಡಜನ್ನಿಗೂ ಹೆಚ್ಚು ಆಟಗಾರರು ಅಂಗವಿಕಲರ ಪಾರ್ಕಿಂಗ್ ಕಾರ್ಡನ್ನು ಸುಳ್ಳು ಹೇಳಿ ಪಡೆದು ಸಿಕ್ಕಿಬಿದ್ದರು. ಬೆಳಿಗ್ಗೆ ಕುಂಟರಾಗಿ ಕಾರು ನಿಲ್ಲಿಸಿ ಸಂಜೆ ಮೈದಾನದಲ್ಲಿ ಎದುರಾಳಿಯನ್ನು ಎತ್ತಿ ಒಗೆಯುವವರು. ಓದಿ ನಾನು ನಕ್ಕಿದ್ದೆ. ಈಗ ಅನ್ನಿಸುತ್ತದೆ, ಎಂಥ ವಿನಯವಂತ ಕಳ್ಳರು! ಆ ಜಾಗ ತಮ್ಮದಲ್ಲ, ಇನ್ಯಾರದೋ ಹಕ್ಕು ಅಂತ ಗೊತ್ತಿದ್ದಕ್ಕೇ ಅಲ್ಲವೇ ಆ ಇನ್ಯಾರದೋ ವೇಷ ಹಾಕಿದ್ದು? ವೈದ್ಯರ ಹೆಸರು ಬರೆದು, ಅರ್ಜಿ ತುಂಬಿ, ಇಲ್ಲದ ನೋವು ಹುಟ್ಟಿಸಿಕೊಂಡು, ಅಷ್ಟೆಲ್ಲ ಶ್ರಮ ಪಟ್ಟಿದ್ದರು.

ನಮ್ಮ ಸಾಹೇಬರಿಗೆ ಅಂಥ ಕಷ್ಟವೇನಿಲ್ಲ. ಸುಳ್ಳು ಹೇಳುವಷ್ಟು ಮರ್ಯಾದೆಯನ್ನೂ ಅವರು ಆ ನೀಲಿ ಚಿತ್ರಕ್ಕೆ ಕೊಟ್ಟಿಲ್ಲ.

ಶಿವಮೊಗ್ಗದಲ್ಲಿ ಆ ಥರದ ಕಾರ್ಡು ಯಾರ ಕನ್ನಡಿಗೂ ನೇತಾಡಿದ್ದನ್ನು ನಾನು ಕಂಡಿಲ್ಲ. ಆದರೆ ನಮ್ಮಲ್ಲಿ ಪಾರ್ಕಿಂಗ್ ಪರ್ಮಿಟ್ಟೇ ಇಲ್ಲ ಅಂತ ತಿಳಿಯಬೇಡಿ. ದುರ್ಗಿಗುಡಿಯಲ್ಲೋ ನೆಹರೂ ರಸ್ತೆಯಲ್ಲೋ ಒಂದು ಸಂಜೆ ಅಡ್ಡಾಡಿ, ಕಾರುಗಳ ಮುಂದಿನ ಗಾಜು ಓದಿಕೊಂಡು ಬನ್ನಿ. ‘ಪ್ರೆಸ್’. ‘ಪೊಲೀಸ್’, ಅದು ಅಳಿಯನದು. ‘ವಕೀಲರು’. ‘ಕರ್ನಾಟಕ ಸರ್ಕಾರ’, ಕೆಳಗೆ ಸಣ್ಣಕ್ಷರದಲ್ಲಿ ಯಾವುದೋ ನಿಗಮ. ಮಾನವ ಹಕ್ಕುಗಳ ಹೆಸರಿನ ಸಂಘವೊಂದರ ಜಿಲ್ಲಾಧ್ಯಕ್ಷರು, ಅವರ ಕಾರು ಫುಟ್‌ಪಾತಿನ ಮೇಲೆ. ಡ್ಯಾಶ್‌ಬೋರ್ಡಿನ ಮೇಲೆ ಮಡಿಸಿಟ್ಟ ಪಕ್ಷದ ಶಾಲು. ಚುನಾವಣೆ ಮುಗಿದ ಮೇಲೆ ಬಣ್ಣ ಬದಲಾಗುತ್ತದೆ, ಜಾಗ ಬದಲಾಗುವುದಿಲ್ಲ. ಇವುಗಳಲ್ಲಿ ಎಷ್ಟು ಅಸಲಿ, ಎಷ್ಟು ಅಂಗಡಿಯಲ್ಲಿ ಅಂಟಿಸಿಕೊಂಡದ್ದು ಅಂತ ಯಾರೂ ಕೇಳುವುದಿಲ್ಲ. ಸ್ಟಿಕ್ಕರ್ ಅಂಗಡಿಯವನು ವೈದ್ಯಕೀಯ ಮಂಡಳಿ ಕೂರಿಸುವುದಿಲ್ಲವಲ್ಲ.

ಎರಡೂ ಜಾತಿಯ ಪರ್ಮಿಟ್ಟು ಒಂದೇ ಕಡೆ ಕೂಡಿಬಂದದ್ದು 2024ರಲ್ಲಿ. ಮಹಾರಾಷ್ಟ್ರದ ಪ್ರೊಬೇಷನರಿ ಐಎಎಸ್ ಅಧಿಕಾರಿಯೊಬ್ಬರು ಖಾಸಗಿ ಆಡಿ ಕಾರಿಗೆ ಕೆಂಪು-ನೀಲಿ ದೀಪ ಹಾಕಿಸಿ, ‘ಮಹಾರಾಷ್ಟ್ರ ಸರ್ಕಾರ’ ಅಂತ ಬರೆಸಿಕೊಂಡು ಸುದ್ದಿಯಾದರು. ಆ ದೀಪದ ಬೆಳಕಿನಲ್ಲೇ ಅವರ ಅಂಗವೈಕಲ್ಯದ ಪ್ರಮಾಣಪತ್ರದ ಮೇಲೂ ಜನರ ಕಣ್ಣುಬಿತ್ತು. ಯುಪಿಎಸ್‌ಸಿ ಆಯ್ಕೆ ರದ್ದುಮಾಡಿತು, ಪ್ರಕರಣ ಕೋರ್ಟು ಹತ್ತಿತು. ಸತ್ಯಾಸತ್ಯ ಅಲ್ಲಿ ತೀರ್ಮಾನವಾಗಲಿ. ನನಗೆ ತಿಳಿಯಬೇಕಾದದ್ದು ಇಷ್ಟೇ: ಆ ದೀಪ ಇಲ್ಲದಿದ್ದರೆ ಆ ಪತ್ರವನ್ನು ಯಾರಾದರೂ ತೆಗೆದು ನೋಡುತ್ತಿದ್ದರೆ?

ಕಾನೂನಿಗೇನೂ ಬರವಿಲ್ಲ. 2016ರ ಸೆಪ್ಟೆಂಬರಿನಲ್ಲಿ ಶಿವಮೊಗ್ಗ ಸ್ಮಾರ್ಟ್ ಸಿಟಿ ಪಟ್ಟಿ ಸೇರಿತು. ಅದೇ ಡಿಸೆಂಬರಿನಲ್ಲಿ ಸಂಸತ್ತು ಅಂಗವಿಕಲರ ಹಕ್ಕುಗಳ ಕಾಯ್ದೆ ಪಾಸು ಮಾಡಿತು. ಒಂದೇ ವರ್ಷ ಹುಟ್ಟಿದ ಅಣ್ಣತಮ್ಮಂದಿರು. ಅಣ್ಣನಿಗೆ ಗ್ರಾನೈಟು, ಅಲಂಕಾರದ ದೀಪದ ಕಂಬ ಎಲ್ಲ ಸಿಕ್ಕಿತು, ತಮ್ಮನಿಗೆ ಗಡುವು ಸಿಕ್ಕಿತು. ಇರುವ ಸಾರ್ವಜನಿಕ ಕಟ್ಟಡಗಳನ್ನೆಲ್ಲ ಐದು ವರ್ಷದೊಳಗೆ ಎಲ್ಲರೂ ಬಳಸುವಂತೆ ಮಾಡಿ ಅಂದಿತ್ತು ಕಾಯ್ದೆ. ನಿಯಮ ಬಂದದ್ದು 2017ರ ಜೂನ್, ಐದು ವರ್ಷ ಮುಗಿದದ್ದು 2022ರ ಜೂನ್. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಈ ನಿಯಮಗಳು ಬುದ್ಧಿವಾದದ ಹಾಗಿವೆ, ಕಡ್ಡಾಯ ಅನ್ನುವಂಥದ್ದನ್ನು ಮೂರು ತಿಂಗಳಲ್ಲಿ ಮಾಡಿ ಅಂದಿತು.

ಅದೇ ಕಾಯ್ದೆಯ 91ನೇ ಸೆಕ್ಷನ್ ನೋಡಿ. ಅಂಗವಿಕಲರಿಗೆ ಮೀಸಲಾದ ಸೌಲಭ್ಯವನ್ನು ಮೋಸದಿಂದ ಪಡೆದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಸಾಹೇಬರನ್ನು ಹಿಡಿಯಲಿಕ್ಕೆ ಇದು ಸಾಕಲ್ಲ ಅಂತ ನಾನು ಹಿಗ್ಗಿದೆ. ಪರಿಚಯದ ವಕೀಲರೊಬ್ಬರು ಚಾ ಹೀರುತ್ತ ನನ್ನ ಹಿಗ್ಗು ಇಳಿಸಿದರು. “ಮೋಸ ಎಲ್ಲಿದೆ ಮಾರಾಯ್ರೆ? ಅವರು ತಾವು ಅಂಗವಿಕಲರು ಅಂತ ಎಲ್ಲಾದ್ರೂ ಹೇಳಿದಾರಾ?”

ಜಾಗದ ಅಳತೆಯೂ ಕೇಂದ್ರದ ಮಾರ್ಗಸೂಚಿಯಲ್ಲಿದೆ. ಅಗಲ 3.6 ಮೀಟರ್, ಕಟ್ಟಡದ ಬಾಗಿಲಿನಿಂದ 30 ಮೀಟರ್ ಒಳಗೆ. ಅಷ್ಟು ಅಗಲ ಯಾಕೆಂದರೆ ಕಾರಿನ ಬಾಗಿಲು ಪೂರ್ತಿ ತೆರೆದು, ಪಕ್ಕದಲ್ಲಿ ಗಾಲಿಕುರ್ಚಿ ಬಿಡಿಸಿಟ್ಟು, ಮನುಷ್ಯ ಅದಕ್ಕೆ ದಾಟಿಕೊಳ್ಳಬೇಕು. ನಮ್ಮವರಿಗೆ ಅದು ಸುಮ್ಮನೆ ಉಳಿದ ಜಾಗವಾಗಿ ಕಂಡಿತು. ಸಾಹೇಬರ ಕಾರಿನ ಪಕ್ಕದ ಆ ಖಾಲಿಯಲ್ಲಿ ಮೂರು ಬೈಕು, ಬೈಕಿನ ಸಂದಿಯಲ್ಲಿ ಒಂದು ಹೂವಿನ ಕುಂಡ. ಇನ್ನು ಒಂದಡಿ ಏರಲು ಹನ್ನೆರಡು ಅಡಿ ಉದ್ದ ಇರಬೇಕಾದ ರ‍್ಯಾಂಪು ಎದುರಿಗೇ ಇತ್ತು, ಜಾರುಬಂಡೆಯಷ್ಟು ಕಡಿದಾಗಿ. ಅದರ ಮೇಲೆ ಸರಾಗವಾಗಿ ಹತ್ತಿಹೋಗುತ್ತಿದ್ದುದು ನೀರಿನ ಕ್ಯಾನು ಹೊತ್ತ ಬೈಕು.

ಕಾಯ್ದೆಯ ಸವಲತ್ತಿಗೆ ಅಳತೆಗೋಲು 40 ಪರ್ಸೆಂಟ್. ಅಷ್ಟು ವೈಕಲ್ಯ ಇದ್ದರೆ ನೀವು ಲೆಕ್ಕಕ್ಕೆ ಬಂದಿರಿ, 39 ಇದ್ದರೆ ಮನೆಗೆ ಹೋಗಿ ಇನ್ನಷ್ಟು ಪ್ರಯತ್ನಿಸಿ. ನಮ್ಮ ರಾಜ್ಯದಲ್ಲಿ ಇದೇ 40 ಪರ್ಸೆಂಟಿಗೆ ಇನ್ನೊಂದು ಕೀರ್ತಿಯೂ ಇದೆ; ಗುತ್ತಿಗೆದಾರರ ಸಂಘ ಮಾಡಿದ ಕಮಿಷನ್ ಆರೋಪ, ಒಂದು ಚುನಾವಣೆಗೆ ಸಾಕಾಗುವಷ್ಟು ಘೋಷಣೆ ಒದಗಿಸಿತ್ತು. ಆ ನಲವತ್ತೂ ಈ ನಲವತ್ತೂ ಮುಖಾಮುಖಿಯಾಗುವ ಸ್ಥಳವೇ ಈ ರ‍್ಯಾಂಪು ಇರಬಹುದೆಂದು ಭಾವನ ಗುಮಾನಿ.

ಭಾವ ಕಾರ್ಡು ತೋರಿಸಿದರೋ ಇಲ್ಲವೋ ಅಂತ ನೀವು ಕೇಳಬಹುದು. ತೋರಿಸಿದರು. ಕಿಸೆಯಲ್ಲಿ ಯಾವಾಗಲೂ ಇರುತ್ತದೆ, ಜನಿವಾರದ ಹಾಗೆ. ಭದ್ರಾವತಿಯಲ್ಲಿ 1936ರಲ್ಲಿ ಹುಟ್ಟಿದ ಮೈಸೂರು ಪೇಪರ್ ಮಿಲ್ಸಿನ ಯಂತ್ರಗಳು ನಿಂತು ಸುಮಾರು ಹತ್ತು ವರ್ಷವಾಯಿತು, ಆದರೆ ಆ ಊರಿನ ಇಂಥವರಿಗೆ ಕಾಗದದ ಕಾಟ ಮಾತ್ರ ನಿಂತಿಲ್ಲ. ಮೊದಲು 1995ರ ಕಾಯ್ದೆಯ ಕಾಲದ ಪುಸ್ತಕ, ಆಮೇಲೆ ಲ್ಯಾಮಿನೇಷನ್ ಮಾಡಿಸಿದ ಗುರುತಿನ ಚೀಟಿ, ಈಗ ಯುಡಿಐಡಿ. ಈ ಕಾರ್ಡಿಗೆ ಬಿಳಿ, ಹಳದಿ, ನೀಲಿ ಅಂತ ಮೂರು ಬಣ್ಣ. 40ರ ಕೆಳಗೆ ಬಿಳಿ, 80ರ ಕೆಳಗೆ ಹಳದಿ, ಅದಕ್ಕೆ ಮೇಲೆ ನೀಲಿ. “ಕಾಲು ಅದೇ ಮಾರಾಯ, ಕಾರ್ಡು ಮೂರನೇದು” ಅನ್ನುತ್ತಾರೆ ಭಾವ. ಹೆಸರೂ ಬದಲಾಯಿತು. ಎಳವೆಯಲ್ಲಿ ಕುಂಟ, ಶಾಲೆಯಲ್ಲಿ ಅಂಗವಿಕಲ, ಇಲಾಖೆಯ ಬಾಯಲ್ಲಿ ವಿಕಲಚೇತನ, 2015ರ ಡಿಸೆಂಬರಿನಲ್ಲಿ ಪ್ರಧಾನಿಯವರು ರೇಡಿಯೋದಲ್ಲಿ ಹೇಳಿದ ಮೇಲೆ ದಿವ್ಯಾಂಗ. ಇಷ್ಟೆಲ್ಲ ಬಡ್ತಿ ಸಿಕ್ಕಿದರೂ ನಿಲ್ಲಲಿಕ್ಕೆ ಜಾಗ ಸಿಗದ ನೌಕರ ಇವರೊಬ್ಬರೇ.

ಕೆಎಸ್‌ಆರ್‌ಟಿಸಿ ಪಾಸೂ ಇದೆ. ವರ್ಷಕ್ಕೆ 660 ರೂಪಾಯಿ, ಮನೆಯಿಂದ 100 ಕಿಲೋಮೀಟರ್‌ವರೆಗೆ. ನೂರಾ ಒಂದನೇ ಕಿಲೋಮೀಟರಿನಲ್ಲಿ ಕಾಲು ಸರಿಹೋಗುತ್ತದೆ ಎಂಬ ನಂಬಿಕೆ.

ರೈಲಿನದು ಬೇರೆ ಕತೆ. ಅಂಗವಿಕಲರಿಗೆಂದು ತುದಿಯಲ್ಲೊಂದು ಬೋಗಿ ಇರುತ್ತದೆ. ಭದ್ರಾವತಿಯಲ್ಲಿ ರೈಲು ನಿಲ್ಲುವುದೇ ಒಂದೆರಡು ನಿಮಿಷ. ಭಾವ ಬಗಲಕೋಲು ಊರಿಕೊಂಡು ಪ್ಲಾಟ್‌ಫಾರಮ್ಮಿನ ಆ ತುದಿ ಮುಟ್ಟಿ ಬಾಗಿಲು ಬಡಿದರೆ ಒಳಗಿನಿಂದ ಒಬ್ಬ ಆರೋಗ್ಯವಂತ, “ಇದು ಹ್ಯಾಂಡಿಕ್ಯಾಪ್ ಬೋಗಿ, ಮುಂದೆ ಹೋಗಿ” ಅಂದನಂತೆ. ಒಳಗೆ ಯಾರೂ ಕುಂಟರಿರಲಿಲ್ಲ. ಭಾವ ಅವತ್ತು ಸಿಟ್ಟಾಗಲಿಲ್ಲ. ಕಾನೂನಿನ ತಿಳಿವಳಿಕೆ ಇಷ್ಟಾದರೂ ಹಬ್ಬಿದೆಯಲ್ಲ ಅಂತ ಸಮಾಧಾನ ಪಟ್ಟರು.

ಸಾಹೇಬರನ್ನು ಇಷ್ಟು ಹೊತ್ತು ಬೈದ ನನ್ನ ಕತೆ? ನಮ್ಮ ಕುಟುಂಬದಲ್ಲಿ ಭಾವನೇ ಒಂದು ಪರ್ಮಿಟ್ಟು. ಯಾವುದಾದರೂ ದೊಡ್ಡ ಕ್ಷೇತ್ರಕ್ಕೆ ಹೊರಟರೆ ಮೊದಲು ಕೇಳುವ ಮಾತು, “ಭಾವ ಬರ್ತಾರಾ?” ಬರದಿದ್ದರೆ ಹೊರಡುವ ದಿನವೇ ಮುಂದಕ್ಕೆ. ಅವರಿದ್ದರೆ ಕ್ಯೂ ಇಲ್ಲ, ನೇರ ದರ್ಶನ. ಜೊತೆಗೆ ಸಹಾಯಕ ಒಬ್ಬ ಬರಬಹುದು ಅಂತ ಬೋರ್ಡು ಹೇಳುತ್ತದೆ. ಕಳೆದ ಸಲ ನಾವು ಒಂಬತ್ತು ಜನ ಸಹಾಯಕರಿದ್ದೆವು. ಒಬ್ಬರು ಬಗಲಕೋಲು ಹಿಡಿದರು, ಒಬ್ಬರು ಚಪ್ಪಲಿ ಹಿಡಿದರು, ನನ್ನ ಹೆಂಡತಿ ಅವರ ಶಲ್ಯದ ಚುಂಗು ಹಿಡಿದಳು. ದರ್ಶನ ಆದ ಮೇಲೆ ಊಟದ ಮನೆಗೆ ಎಲ್ಲರೂ ಓಡಿ, ಭಾವ ಮೆಟ್ಟಿಲ ಬುಡದಲ್ಲೇ ಉಳಿದರು.

ಆ ಜಾಗಕ್ಕೆ ಚಿತ್ರ ಬರೆದವರ ಕತೆಯನ್ನೂ ಹೇಳಿಬಿಡುತ್ತೇನೆ. 1968ರಲ್ಲಿ ಸುಸಾನ ಕೋಫೋದ್ ಎಂಬ ಡೆನ್ಮಾರ್ಕಿನ ವಿದ್ಯಾರ್ಥಿನಿ ಬಿಡಿಸಿದ ಗೆರೆಯಲ್ಲಿ ಬರೀ ಕುರ್ಚಿ ಇತ್ತು. ಅದು ಮನುಷ್ಯನ ಹಾಗೆ ಕಾಣಲಿ ಅಂತ ಕಾರ್ಲ್ ಮಾಂಟನ್ ಎಂಬವರು ಮೇಲೊಂದು ಉರುಟು ತಲೆ ಇಟ್ಟರು. ನಾವು ನೋಡಿದ ಆ ಪಾರ್ಕಿಂಗಿನಲ್ಲಿ ಸಾಹೇಬರ ಟೈರು ದಿನಾ ಉಜ್ಜಿ ಉಜ್ಜಿ ತಲೆ ಅಳಿಸಿಹೋಗಿದೆ. ಮೂಲಕೃತಿಗೆ ಇಷ್ಟು ನಿಷ್ಠೆ ಜಗತ್ತಿನಲ್ಲಿ ಇನ್ನೆಲ್ಲೂ ಇರಲಿಕ್ಕಿಲ್ಲ.

ಕೊನೆಗೆ ಭಾವ ಸ್ಕೂಟರನ್ನು ರಸ್ತೆಯಾಚೆ ಗೂಡಂಗಡಿಯ ಮಗ್ಗುಲಲ್ಲಿ ನಿಲ್ಲಿಸಿ, ಬಗಲಕೋಲಿನಲ್ಲಿ ರಸ್ತೆ ದಾಟಿ ಬಂದರು. ಮೂವತ್ತು ಮೀಟರಿನ ಲೆಕ್ಕ ನಾನು ಅಳೆಯಲಿಲ್ಲ.

ವಾಪಸು ಭದ್ರಾವತಿಗೆ ಅವರ ಜೊತೆ ನಾನೂ ಹೋದೆ, ಜನ್ನಾಪುರದಲ್ಲಿರುವ ದೊಡ್ಡಮ್ಮನನ್ನು ನೋಡಲಿಕ್ಕೆ. ದೊಡ್ಡಮ್ಮ ಮಂಡಿನೋವಿನ ದೊಡ್ಡ ರೋಗಿ. ಕ್ಯಾಲಿಫೋರ್ನಿಯಾದ ಮಗನ ಮನೆಯಲ್ಲಿ ಕೆಲವು ತಿಂಗಳು ಇದ್ದಾಗ ಅಲ್ಲಿನ ಡಾಕ್ಟರು ಬರೆದುಕೊಟ್ಟು, ತಾತ್ಕಾಲಿಕದ ಕೆಂಪು ಕಾರ್ಡು ಸಿಕ್ಕಿತ್ತು. ಆ ಕಾರ್ಡು ಕಾರಿನದಲ್ಲ, ಮನುಷ್ಯನದು. ಆ ಮನುಷ್ಯ ಕಾರಿನಲ್ಲಿ ಇರಬೇಕು, ಇಲ್ಲದಿದ್ದರೆ ಸಾವಿರ ಡಾಲರ್‌ವರೆಗೂ ದಂಡ. ದೊಡ್ಡಮ್ಮ ಊರಿಗೆ ಮರಳಿ ನಾಲ್ಕು ತಿಂಗಳಾಯಿತು. ದೊಡ್ಡಮ್ಮ ಜನ್ನಾಪುರದಲ್ಲಿ, ದೊಡ್ಡಮ್ಮನ ಮಂಡಿನೋವು ಮಾತ್ರ ಇನ್ನೂ ಕ್ಯಾಲಿಫೋರ್ನಿಯಾದಲ್ಲಿ, ಬಾಗಿಲಿಗೆ ಹತ್ತಿರದ ಪಾರ್ಕಿಂಗಿನಲ್ಲಿ ನಿಲ್ಲುತ್ತಿದೆ.

ನಾವು ಕೂತಿದ್ದಾಗಲೇ ಮಗನ ವಿಡಿಯೊ ಕರೆ ಬಂತು. “ಆಪರೇಷನ್ ಆದ ಮೇಲೆ ಏನೂ ನೋವಿಲ್ಲ ಕಣೋ” ಅಂತ ದೊಡ್ಡಮ್ಮ ಖುಷಿಯಿಂದ ಎದ್ದು ನಡೆದು ತೋರಿಸಿದಳು. “ದೇವಸ್ಥಾನಕ್ಕೂ ನಡ್ಕೊಂಡೇ ಹೋಗಿ ಬರ್ತೀನಿ.”

ಆ ಕಡೆ ಒಂದು ಕ್ಷಣ ಮೌನ. ಫೋನಿನ ತುಂಬ ಮಗನ ಕಾಳಜಿಯ ಮುಖ.

“ಅಯ್ಯೋ, ಪೂರ್ತಿ ವಾಸಿ ಆಗ್ಬಿಡ್ತೇನಮ್ಮ?”