ದಾನಕ್ಕೆ ಬಂದ ಹಸುವಿನ ಹಲ್ಲು

ಕೊಟ್ಟವನು ಕೋಡಂಗಿ, ಈಸಿಕೊಂಡವನು ಈರಭದ್ರ ಎಂಬ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರು ಲೋಕಜ್ಞರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೊಟ್ಟವನೇ ಈರಭದ್ರನಾಗಿ ಕತ್ತಿ ಹಿರಿದು ನಿಂತು, ಈಸಿಕೊಂಡವನು ಕೋಡಂಗಿಯಾಗಿ ನಡುರಾತ್ರಿಯವರೆಗೆ ಕಣ್ಣುಜ್ಜುತ್ತ ಕೂರಬೇಕಾದ ಕಾಲವೊಂದು ಬಂದೀತೆಂದು ಅವರು ಊಹಿಸಿರಲಾರರು. ಅಂಥ ಕಾಲ ಬಂದಿದೆ. ಅದನ್ನು ನನ್ನ ಮನೆಬಾಗಿಲಿಗೆ ತಂದವನು ಪಕ್ಕದ ಬೀದಿಯ ದಾನಶೂರ.

ದಾನಶೂರನನ್ನು ನೀವೂ ಕಂಡಿರಲೇಬೇಕು. ಇಂಜಿನಿಯರಿಂಗ್ ಕೊನೆಯ ವರ್ಷ; ಲ್ಯಾಪ್‌ಟಾಪಿನ ಬೆನ್ನು ಕಾಣದಂತೆ ಅಂಟಿಸಿದ ಸ್ಟಿಕ್ಕರುಗಳು; ಹಿರಿಯರೆದುರು ಬಗ್ಗಿ ನಿಲ್ಲುವ ವಿನಯ. ಯಾರು ಬೇಕಾದರೂ ಓದಿ, ತಿದ್ದಿ, ತಿದ್ದಿದ್ದನ್ನು ಮರಳಿ ಅರ್ಪಿಸಬಹುದಾದ ಮುಕ್ತ ತಂತ್ರಾಂಶಗಳಿಗೆ ಕೋಡ್ ಕೊಟ್ಟವನಿಗೆ ಬೇಗ ಕೆಲಸ ಸಿಗುತ್ತದೆಂದು ಪುಣ್ಯಾತ್ಮರಾರೋ ಅವನ ಕಿವಿಯಲ್ಲಿ ಊದಿದ್ದಾರೆ. ಕೊಡುಗೆ ನೀಡಿದ ದಿನಕ್ಕೆ ಅವನ ಹೆಸರಿನ ಪುಟದಲ್ಲಿ ಒಂದು ಹಸಿರು ಚೌಕ ಮೂಡುತ್ತದೆ. ಮಳೆಗಾಲದ ಗದ್ದೆಯಂತೆ ಆ ಪುಟವೆಲ್ಲ ಹಸಿರಾಗುವವರೆಗೆ ಅವನಿಗೆ ನಿದ್ರೆಯಿಲ್ಲ, ನಮಗೂ ಇಲ್ಲ.

ಈ ವಂಶ ಹೊಸದಲ್ಲ. ಅಕ್ಟೋಬರ್ ತಿಂಗಳಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್, ಎಂದರೆ ತಿದ್ದುಪಡಿಯ ಅರ್ಜಿ, ಕಳಿಸಿದವರಿಗೆ ಅಂಗಿ ಕೊಡುತ್ತಿದ್ದ ಹ್ಯಾಕ್‌ಟೋಬರ್‌ಫೆಸ್ಟ್ ಎಂಬ ಉತ್ಸವದಲ್ಲಿ, 2020ನೆಯ ಇಸವಿ, ಇವನ ಪೂರ್ವಜರು ಕಂಡಕಂಡ ತಂತ್ರಾಂಶಗಳ ಪೀಠಿಕೆಗೆ ಒಂದೊಂದು ಗುಣವಾಚಕವನ್ನು ಸೇರಿಸಿ ಅಂಗಿ ಬೇಡಿದ ಪ್ರವಾಹಕ್ಕೆ ಬೆದರಿ, ಒಪ್ಪಿದವರ ಮನೆಗೆ ಮಾತ್ರವೇ ಹೋಗತಕ್ಕದ್ದೆಂದು ವ್ಯವಸ್ಥಾಪಕರು ಉತ್ಸವದ ನಡುವೆಯೇ ನಿಯಮ ಬದಲಿಸಬೇಕಾಯಿತು. ಆದರೆ ಆ ಪೂರ್ವಜರು ಬರಿಗೈಯವರು. ಕೊಟ್ಟರೂ ಒಂದು ಪದ ಕೊಟ್ಟಾರು. ಇವನ ಕೈಯಲ್ಲಿ ಎಐ ಎಂಬ ಅಕ್ಷಯಪಾತ್ರೆಯಿದೆ.

ನಾನು ನೋಡಿಕೊಳ್ಳುವುದು ಒಂದು ಪುಟ್ಟ ತಂತ್ರಾಂಶ. ಅಂಕಿಯಲ್ಲಿ ಬರೆದ ಮೊತ್ತವನ್ನು ಕನ್ನಡದ ಅಕ್ಷರಗಳಲ್ಲಿ ಬರೆದು, ಕೊನೆಗೊಂದು ‘ಮಾತ್ರ’ ಸೇರಿಸುವುದಷ್ಟೇ ಅದರ ಕಾಯಕ. ಹನ್ನೊಂದು ವರ್ಷದಿಂದ ಕಾಪಾಡಿಕೊಂಡು ಬಂದ ಈ ಗುಡಿಸಲಿಗೆ ಒಂದು ಸಂಜೆ ದಾನಶೂರನಿಂದ ಸಾವಿರದ ನಾನೂರು ಸಾಲುಗಳ ಪ್ಯಾಚ್ ಬಂದು ಬಿತ್ತು. ನನ್ನ ಕೋಡಿನಲ್ಲಿ ಇನ್ನೂರು, ಮುನ್ನೂರು, ನಾನೂರು, ಐನೂರುಗಳಿಗೆ ಪ್ರತ್ಯೇಕ ಪಟ್ಟಿಯಿದ್ದುದು ‘ಅಸಂಗತ’ವೆಂದು ಕಂಡುದರಿಂದ, ಎಲ್ಲವನ್ನೂ ಒಂದೇ ಸೂತ್ರಕ್ಕೆ ತಂದು ಎರಡುನೂರು, ಮೂರುನೂರು, ನಾಲ್ಕುನೂರು ಎಂದು ಪರಿಷ್ಕರಿಸಲಾಗಿತ್ತು. ಅದಷ್ಟೇ ಆಗಿದ್ದರೆ ನನ್ನ ಪರೀಕ್ಷೆಗಳು ಕಳ್ಳನನ್ನು ಹಿಡಿಯುತ್ತಿದ್ದವು; ಆದರೆ ‘ಇನ್ನೂರು’ ಬರಬೇಕೆಂದು ಹಟ ಹಿಡಿದಿದ್ದ ಪರೀಕ್ಷೆಯನ್ನೂ ‘ಎರಡುನೂರು’ ಬರಬೇಕೆಂದು ತಿದ್ದಿದ್ದ ಕಾರಣ, ಎಲ್ಲವೂ ಹಸಿರಾಗಿ ತೇರ್ಗಡೆಯಾಗಿದ್ದವು.

ಏಕೆ ಹೀಗೆ ಮಾಡಿದಿರೆಂದು ಬರೆದು ಕೇಳಿದೆ. ಎರಡು ನಿಮಿಷದಲ್ಲಿ, “ತಾವು ಹೇಳಿದ್ದು ಸಂಪೂರ್ಣವಾಗಿ ಸರಿ” ಎಂಬ ಮಂಗಳಾಚರಣೆಯೊಡನೆ ಮತ್ತೆ ಆರುನೂರು ಸಾಲು ಬಂತು. ನಾನು ಏನನ್ನೂ ಹೇಳಿರಲಿಲ್ಲ, ಕೇಳಿದ್ದೆನಷ್ಟೆ. ಮರುದಿನ ಪರೀಕ್ಷಾರ್ಥವಾಗಿ, ಮೊದಲಿನದೇ ಲೇಸಾಗಿತ್ತೇನೋ ಎಂದೆ. ಅದೂ ಸಂಪೂರ್ಣವಾಗಿ ಸರಿಯಾಗಿತ್ತು.

ಕೊನೆಗೆ ತರಕಾರಿ ಅಂಗಡಿಯ ಮುಂದೆ ಸಿಕ್ಕಿದಾಗ ಹಿಡಿದು ನಿಲ್ಲಿಸಿದೆ.

“ಏನಯ್ಯಾ, ನಿಮ್ಮನೇಲಿ ಇನ್ನೂರು ಅಂತೀರೋ, ಎರಡುನೂರು ಅಂತೀರೋ?”

“ಇನ್ನೂರೇ ಸಾರ್. ಯಾಕ್ ಸಾರ್, ಏನಾಯ್ತು?”

ಆ ಮುಖದಲ್ಲಿ ಕಪಟದ ಲೇಶವೂ ಇರಲಿಲ್ಲ. ಕಠೋಪನಿಷತ್ತಿನ ವಾಜಶ್ರವಸನು ಹಾಲು ಬತ್ತಿದ ಮುದಿ ಗೋವುಗಳನ್ನು ದಾನವಿತ್ತನೆಂಬುದು ನಿಜ. ಆದರೂ ಅವನು ತನ್ನ ಕೊಟ್ಟಿಗೆಯ ಹಸುಗಳನ್ನು ಕಣ್ಣಾರೆ ಕಂಡಿದ್ದ. ನಮ್ಮ ದಾನಶೂರ ತಾನು ಕೊಟ್ಟ ಹಸುವನ್ನು ತಾನೇ ನೋಡಿರಲಿಲ್ಲ. ಹಿಂದೆ ಮೂರು ದಿನ ಕೂತು ಬರೆದುದನ್ನು ನಾವು ಒಂದು ತಾಸಿನಲ್ಲಿ ಓದಿ ತೀರ್ಪು ಕೊಡುತ್ತಿದ್ದೆವು. ಈಗ ಬರೆಯುವುದಕ್ಕೆ ಮೂರು ನಿಮಿಷ ಸಾಕು, ಓದುವುದಕ್ಕೆ ಮಾತ್ರ ಅದೇ ಒಂದು ತಾಸು ಬೇಕು.

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದೆನ್ನುತ್ತಾರೆ. ಎಣಿಸದೆ ವಿಧಿಯಿಲ್ಲವೆಂದು ನಿಶ್ಚಯಿಸಿ, ನಮ್ಮಲ್ಲಿಯೂ ಒಂದು ನೀತಿಪತ್ರವಿರಲೆಂದು ದೊಡ್ಡವರ ಸ್ಮೃತಿಗಳನ್ನು ತಿರುವಿಹಾಕಿದೆ. ಜೆಂಟೂ ಲಿನಕ್ಸಿನ ಮಂಡಳಿ 2024ರ ಏಪ್ರಿಲ್‌ನಲ್ಲಿಯೇ ಹಕ್ಕುಸ್ವಾಮ್ಯ, ಗುಣಮಟ್ಟ, ನೈತಿಕತೆ ಎಂಬ ಮೂರು ಕಾರಣಗಳನ್ನು ಮುಂದಿಟ್ಟು ಯಂತ್ರದ ಕೊಡುಗೆಗೆ ಬಹಿಷ್ಕಾರ ಹಾಕಿದೆ. ಮರುತಿಂಗಳೇ ನೆಟ್‌ಬಿಎಸ್‌ಡಿಯವರು, ಅಂಥ ಕೋಡನ್ನು ಮೈಲಿಗೆಯೆಂದೇ ಭಾವಿಸತಕ್ಕದ್ದು, ಮುಖ್ಯರ ಲಿಖಿತ ಅಪ್ಪಣೆಯಿಲ್ಲದೆ ಒಳಗೆ ಬಿಡತಕ್ಕದ್ದಲ್ಲವೆಂದು ವಿಧಿಸಿದರು; ಮಡಿಯ ವಿಷಯದಲ್ಲಿ ನನ್ನ ಸೋದರತ್ತೆಯೂ ಇಷ್ಟು ಸ್ಪಷ್ಟವಾಗಿ ಮಾತಾಡಿದವಳಲ್ಲ. ಕ್ಯೂಎಮು ಎಂಬ ತಂತ್ರಾಂಶದವರು 2025ರಲ್ಲಿ ಗೋತ್ರದ ಪ್ರಶ್ನೆಯೆತ್ತಿದರು: ‘ಇದನ್ನು ಕೊಡುವ ಹಕ್ಕು ನನಗಿದೆ’ ಎಂದು ರುಜು ಹಾಕುವ ಪದ್ಧತಿ 2004ರಲ್ಲಿ ಲಿನಕ್ಸಿನಲ್ಲಿ ಹುಟ್ಟಿದ್ದು, ಹುಟ್ಟೇ ತಿಳಿಯದ ಕೋಡಿಗೆ ಯಾವ ಧೈರ್ಯದಿಂದ ರುಜು ಹಾಕುವುದು? ಫೆಡೋರಾದವರು ಅದೇ ವರ್ಷದ ಅಕ್ಟೋಬರ್‌ನಲ್ಲಿ ಉದಾರಪಂಥ ಹಿಡಿದು, ಯಂತ್ರದ ನೆರವು ಪಡೆಯಬಹುದು, ಹೊಣೆ ಮಾತ್ರ ಪಡೆದವನದೇ, ನೆರವನ್ನು ಬಚ್ಚಿಡಬಾರದು ಎಂದರು. ಲಿನಕ್ಸ್ ಕರ್ನಲ್ಲಿನಲ್ಲಿಯೂ ರುಜು ಮನುಷ್ಯನದು. ಯಂತ್ರಕ್ಕೆ ‘ನೆರವಾದವರು’ ಎಂಬ ಸಾಲಿನಲ್ಲಿ ಮಣೆ. ಇನ್ನು ಕರ್ಲ್ ತಂತ್ರಾಂಶದ ಡೇನಿಯಲ್ ಸ್ಟೆನ್‌ಬರ್ಗ್ ಎಂಬ ಸ್ವೀಡನ್ನಿನ ಮಹನೀಯರು, ದೋಷ ತೋರಿಸಿದವರಿಗೆ ಹಣ ಕೊಡುವ ಬಗ್ ಬೌಂಟಿಯನ್ನು 2019ರಿಂದ ನಡೆಸಿ, ಇಲ್ಲದ ದೋಷಗಳ ಸುದೀರ್ಘ ಯಂತ್ರಪುರಾಣಗಳನ್ನು ಓದಿ ಬೇಸತ್ತು, 2026ರ ಜನವರಿಯ ಕೊನೆಗೆ ಅನ್ನಸತ್ರದ ಬಾಗಿಲನ್ನೇ ಮುಚ್ಚಿದರು.

ಇವರೆಲ್ಲರ ಮುಂದೆ ನನ್ನದು ಅಲ್ಪಸ್ಮೃತಿ. ಮೂರೇ ವಿಧಿ ಬರೆದೆ: ಕೊಟ್ಟುದನ್ನು ಕೊಟ್ಟವನು ಓದಿರಬೇಕು, ಕೇಳಿದಾಗ ತನ್ನ ಮಾತಿನಲ್ಲಿ ಹೇಳಬೇಕು, ನೆರವು ಪಡೆದಿದ್ದರೆ ಯಾರಿಂದ ಎಂಬುದನ್ನು ಕೆಳಗೆ ನಮೂದಿಸಬೇಕು. ಯಂತ್ರವನ್ನು ಬಹಿಷ್ಕರಿಸುವ ಶಕ್ತಿ ನನಗಿಲ್ಲ. ಯಂತ್ರದ ಕೋಡಿಗೂ ಮನುಷ್ಯನ ಕೋಡಿಗೂ ಮೈಬಣ್ಣದಲ್ಲಿ ಭೇದ ತಿಳಿಯುವುದೂ ಇಲ್ಲ. ತಿಳಿಯುವುದು ಒಂದೇ, ಕೇಳಿದರೆ ಉತ್ತರಿಸುವ ಮನುಷ್ಯ ಅದರ ಹಿಂದೆ ಇದ್ದಾನೆಯೋ ಇಲ್ಲವೋ ಎಂಬುದು.

ದಾನಶೂರ ಒಂದು ತಿಂಗಳು ಕಾಣಿಸಲಿಲ್ಲ. ಹಸಿರು ಬಯಸಿ ಬೇರೆ ಗದ್ದೆಗೆ ಹೋದನೆಂದುಕೊಂಡೆ. ಅನಂತರ ಒಂದು ರಾತ್ರಿ ಅವನಿಂದ ಪ್ಯಾಚ್ ಬಂತು, ಒಂದೇ ಸಾಲು. ಆರರಿಂದ ಮುಂದೆ ಅಂಕಿಗೆ ‘ನೂರು’ ಸೇರಿಸಿದರಾಯಿತೆಂದು ಸೋಮಾರಿತನದಿಂದ ನಾನೇ ಬರೆದಿದ್ದ ಸೂತ್ರದ ಫಲವಾಗಿ, ನನ್ನ ತಂತ್ರಾಂಶ ಹನ್ನೊಂದು ವರ್ಷಗಳಿಂದ ‘ಒಂಬತ್ತುನೂರು’ ಎಂದು ಬರೆಯುತ್ತಿತ್ತು. ಅವನು ಅದನ್ನು ‘ಒಂಬೈನೂರು’ ಎಂದು ತಿದ್ದಿದ್ದ. ಹೇಗೆ ಕಂಡಿತೆಂದು ಕೇಳಿದೆ. ಎರಡು ನಿಮಿಷದಲ್ಲಿ ಉತ್ತರ ಬರಲಿಲ್ಲ, ಬೆಳಿಗ್ಗೆ ಬಂತು, ಕನ್ನಡದಲ್ಲಿ: “ಹಾಲಿನ ಲೆಕ್ಕ ನಿಮ್ಮ ಪ್ರೋಗ್ರಾಮಲ್ಲಿ ಹಾಕಿ ಓದಿ ಹೇಳ್ದೆ ಸಾರ್, ಅಜ್ಜಿ ನಕ್ಕುಬಿಟ್ರು.”

ಪ್ಯಾಚಿನ ಕೆಳಗೆ, ನೀತಿಪತ್ರ ಬಯಸುವ ಸಾಲನ್ನೂ ಅವನು ಮರೆತಿರಲಿಲ್ಲ. ನೆರವಾದವರು: ಅಜ್ಜಿ.

ನಾನು ಅದನ್ನು ಮರ್ಜ್ ಮಾಡಿ, ಕೆಳಗೆ ಉತ್ತರ ಬರೆದೆ: “ತಾವು ಹೇಳಿದ್ದು ಸಂಪೂರ್ಣವಾಗಿ ಸರಿ.”