ಏಳು ಸುತ್ತಿನ ಥರ್ಮೋಕೋಲ್

ಥರ್ಮೋಕೋಲ್ ಅಂಗಡಿಯವನ ಲೆಕ್ಕದಲ್ಲಿ ಗಿರಾಕಿಗಳು ಮೂರೇ ಜಾತಿ: ಗಣಪತಿ ಮಂಟಪದವರು, ಮದುವೆ ಸ್ಟೇಜಿನವರು, ಸ್ಕೂಲ್ ಪ್ರಾಜೆಕ್ಟಿನವರು. ನಾನು ಯಾವುದಕ್ಕೂ ಸೇರದವನೆಂದು ಗೊತ್ತಾದಾಗ ಅವನ ಮುಖದಲ್ಲಿ ಅನುಮಾನ ಮೂಡಿತು.

"ಕೋಟೆ ಕಟ್ಟೋಕೆ" ಎಂದೆ.

"ನಾಟಕಕ್ಕಾ ಸಾರ್?"

"ಅಲ್ಲ, ಯುದ್ಧಕ್ಕೆ."

ನನ್ನ ಬಿಳಿಕೂದಲನ್ನೊಮ್ಮೆ ನೋಡಿ, "ಮಗ ಎಷ್ಟನೇ ಕ್ಲಾಸು?" ಎಂದು ಕೇಳಿದ. "ಏಳನೇದು" ಎಂದುಬಿಟ್ಟೆ. ಮಗ ಇಂಜಿನಿಯರಿಂಗ್ ಮುಗಿಸುತ್ತಿದ್ದಾನೆ. ಆದರೆ ಈ ವಯಸ್ಸಿನಲ್ಲಿ ನಾನೇ ಆಟವಾಡುತ್ತೇನೆಂದು ಹಾಡಹಗಲಲ್ಲಿ, ಹಿಂದೆ ನಾಲ್ಕು ಜನ ನಿಂತಿರುವಾಗ ಹೇಳುವುದು ಹೇಗೆ?

ಆಟದ ಹೆಸರು ವಾರ್‌ಗೇಮ್. ಕಂಪ್ಯೂಟರಿನದಲ್ಲ, ಮೇಜಿನ ಮೇಲಿನದು. ಹೆಬ್ಬೆರಳಿಗಿಂತ ಕುಳ್ಳಗಿನ ಸೈನಿಕರನ್ನು ತರಿಸಿ, ಬಣ್ಣ ಬಳಿದು, ಸಾಲಾಗಿ ನಿಲ್ಲಿಸಿ, ಟೇಪು ಹಿಡಿದು ಅಳೆದು ಮುಂದೆ ಸರಿಸಿ, ದಾಳ ಹಾಕಿ ಸಾಯಿಸುವುದು. ಯುದ್ಧವೆಂದ ಮೇಲೆ ನೆಲ ಬೇಕಲ್ಲ. ಬೆಟ್ಟ, ಹೊಳೆ, ಮನೆ, ಕೋಟೆ ಎಲ್ಲವನ್ನೂ ಅದೇ ಅಳತೆಯಲ್ಲಿ ಕಟ್ಟಿಕೊಳ್ಳಬೇಕು. ಆಡುವುದು ಒಂದು ಭಾನುವಾರ, ಕಟ್ಟುವುದು ವರ್ಷಪೂರ್ತಿ. ಹಾಗಾಗಿ ಇದನ್ನು ಆಟ ಎನ್ನುವುದಕ್ಕಿಂತ ಸಿವಿಲ್ ಕಾಂಟ್ರ್ಯಾಕ್ಟ್ ಎನ್ನುವುದೇ ಸರಿ.

ಹೆಂಡತಿಯ ಮುಂದೆ ಮಂಡಿಸಲು ನನ್ನಲ್ಲಿ ವಂಶಾವಳಿ ಸಿದ್ಧವಿತ್ತು. ಫ್ರಾನ್ಸಿನ ಹದಿನಾಲ್ಕನೇ ಲೂಯಿಯ ಯುದ್ಧಮಂತ್ರಿ ಲೂವುವಾ 1668ರಿಂದಲೇ ಕೋಟೆಯ ಊರುಗಳನ್ನು ಆರುನೂರನೇ ಒಂದು ಪಾಲಿಗೆ ಕುಗ್ಗಿಸಿ ಮರ, ಕಾಗದ, ರೇಷ್ಮೆಗಳಲ್ಲಿ ಮಾಡಿಸತೊಡಗಿದ. ಉಳಿದವುಗಳಲ್ಲಿ ಹೆಚ್ಚಿನವು ಇವತ್ತಿಗೂ ಪ್ಯಾರಿಸ್ಸಿನ ಮ್ಯೂಸಿಯಮ್ಮಿನಲ್ಲಿವೆ. 1812ರಲ್ಲಿ ರೈಸ್‌ವಿಟ್ಸ್ ಎಂಬಾತ ಪ್ರಷ್ಯದ ದೊರೆಗೆ ಯುದ್ಧದಾಟದ ಮೇಜನ್ನೇ ಕಾಣಿಕೆ ಕೊಟ್ಟ. ಅವನ ಮಗ, ಒಬ್ಬ ಲೆಫ್ಟಿನೆಂಟ್, ಅದನ್ನು ತಿದ್ದಿ 1824ರಲ್ಲಿ ಸೇನಾಧಿಕಾರಿಗಳ ಮುಂದಿಟ್ಟ ಮೇಲೆ ಅದು ಅಲ್ಲಿನ ಸೈನ್ಯದ ಪಾಠವೇ ಆಯಿತು. ಕಾಲಯಂತ್ರದ ಕಥೆ ಬರೆದ ಎಚ್. ಜಿ. ವೆಲ್ಸ್ ನೆಲದ ಮೇಲೆ ತವರದ ಸೈನಿಕರನ್ನು ಹರಡಿ, ಸ್ಪ್ರಿಂಗ್ ಫಿರಂಗಿಯಿಂದ ಹೊಡೆದು ಬೀಳಿಸುವ ಆಟಕ್ಕೆ ನಿಯಮಗಳ ಪುಸ್ತಕವನ್ನೇ 1913ರಲ್ಲಿ ಪ್ರಕಟಿಸಿದ.

ಅವಳು ಎಲ್ಲವನ್ನೂ ಸಮಾಧಾನದಿಂದ ಕೇಳಿದಳು. "ಅವರಿಗೆಲ್ಲ ಅರಮನೆ ಇತ್ತು ಕಣ್ರೀ. ನಮಗಿರೋದು ಎರಡು ಬೆಡ್‌ರೂಮು" ಎಂದಳು.

ಆದರೆ ಕಟ್ಟಬೇಕೆಂದಿದ್ದ ಕೋಟೆ ಚಿತ್ರದುರ್ಗದ್ದು. ಅವಳ ತವರು ದುರ್ಗ. ಅಲ್ಲಿಗೆ ವಿರೋಧ ಅರ್ಧ ಇಳಿಯಿತು. ಕೈಪಿಡಿಗಳೆಲ್ಲ ಹೇಳಿಕೊಡುವುದು ಯುರೋಪಿನ ಕೋಟೆಯನ್ನು: ನಾಲ್ಕು ಮೂಲೆಗೆ ನಾಲ್ಕು ಬುರುಜು, ಸುತ್ತ ಕಂದಕ, ಸರಪಳಿಯಲ್ಲಿ ಇಳಿಬಿಡುವ ಸೇತುವೆ, ಪೆನ್ಸಿಲಿನಿಂದ ಗೀಚಿದ ಇಟ್ಟಿಗೆ. ನೋಡಿ ನೋಡಿ ನನಗೆ ಸಾಕಾಗಿತ್ತು. ದುರ್ಗದ ಗೋಡೆಗೆ ಸ್ಕೇಲಿನ ಶಿಸ್ತಿಲ್ಲ. ಬಂಡೆ ಸಿಕ್ಕರೆ ಹತ್ತುತ್ತದೆ, ಬಂಡೆ ಮುಗಿದರೆ ಇಳಿಯುತ್ತದೆ, ಎರಡು ಬಂಡೆಗಳ ನಡುವೆ ಸಂದು ಬಿದ್ದಲ್ಲಿ ಬಾಗಿಲಾಗುತ್ತದೆ. ಆ ಬಾಗಿಲಿಗೂ ನೇರ ದಾರಿಯಿಲ್ಲ, ಆನೆಯನ್ನು ಓಡಿಸಿಕೊಂಡು ಬಂದು ಗುದ್ದಿಸಲು ಆಗದಂತೆ ತಿರುವು ತಿರುವು. ಇಂಥದ್ದನ್ನು ಕಟ್ಟಿದರಲ್ಲವೇ ಗಂಡಸುತನ ಎನ್ನಿಸಿತು.

ಆಮೇಲೆ ಲೆಕ್ಕ ಹಾಕಿದೆ. ನನ್ನ ಸೈನಿಕರು 28 ಮಿಲಿಮೀಟರಿನವರು, ಅಂದರೆ ಸುಮಾರು ಅರವತ್ತನೇ ಒಂದು ಪಾಲು. ಆ ಅಳತೆಯಲ್ಲಿ ಒಂದು ಕಿಲೋಮೀಟರ್ ಗೋಡೆಗೆ ಹದಿನೇಳು ಮೀಟರ್ ಥರ್ಮೋಕೋಲ್ ಬೇಕು. ದುರ್ಗದ ಏಳೂ ಸುತ್ತು ಕಟ್ಟಿದರೆ ಕೋಟೆ ಹಾಲಿನಲ್ಲಿ ಹುಟ್ಟಿ, ಬಾಲ್ಕನಿ ದಾಟಿ, ಎದುರು ಬ್ಲಾಕಿನವರ ಅಡುಗೆಮನೆಗೆ ನುಗ್ಗುತ್ತಿತ್ತು. ಆರು ಸುತ್ತುಗಳನ್ನು ಆ ಕ್ಷಣವೇ ಬಿಟ್ಟುಕೊಟ್ಟೆ. ದುರ್ಗಕ್ಕೆ ಮುತ್ತಿಗೆ ಹಾಕಿದ ಹೈದರಾಲಿಗೂ ಯಾರೂ ಇಷ್ಟು ಸುಲಭವಾಗಿ ಬಿಟ್ಟುಕೊಟ್ಟಿರಲಿಲ್ಲ. ಉಳಿದ ಒಂದರಲ್ಲೂ ಕತ್ತರಿಸುತ್ತಾ ಕತ್ತರಿಸುತ್ತಾ ಕೊನೆಗೆ ಮೇಜಿಗೆ ಹಿಡಿಸಿದ್ದು ಒಂದು ತುಂಡು ಗೋಡೆ, ನಾಲ್ಕಾರು ಬಂಡೆ, ಮತ್ತು ನುಸುಳಿ ಬಂದ ಹೈದರನ ಸಿಪಾಯಿಗಳನ್ನು ಒನಕೆಯಿಂದ ಹೊಡೆದುರುಳಿಸಿದ ಓಬವ್ವನ ಕಿಂಡಿ.

ಕಟ್ಟಿದ ಕಥೆಯನ್ನು ಉದ್ದ ಮಾಡುವುದಿಲ್ಲ. ಥರ್ಮೋಕೋಲ್ ಕೊಯ್ದರೆ ಉದುರುವ ಕಾಳು ಪರದೆಗೆ, ಬೆಕ್ಕಿಗೆ, ನನ್ನ ಮೀಸೆಗೆ ಅಂಟಿಕೊಂಡಿತು. ಒಂದು ಬೆಳಿಗ್ಗೆ ಉಪ್ಪಿಟ್ಟಿನಲ್ಲಿ ರವೆ ಯಾವುದು ಕೋಟೆ ಯಾವುದು ಎಂದು ತಿಳಿಯದೆ ಎಲ್ಲರೂ ಎದ್ದುಹೋದರು. ಅಲ್ಯೂಮಿನಿಯಂ ಫಾಯಿಲನ್ನು ಉಂಡೆ ಮಾಡಿ ಒತ್ತಿದರೆ ಕಲ್ಲಿನ ಒರಟು ಬರುತ್ತದೆ. ಸ್ಪ್ರೇ ಬಣ್ಣ ಥರ್ಮೋಕೋಲನ್ನು ತಿಂದು ಗುಳಿ ಮಾಡುತ್ತದೆ. ಪುಸ್ತಕಗಳು ಇದನ್ನು ಅಪಾಯ ಎನ್ನುತ್ತವೆ, ಆದರೆ ಬಿಸಿಲುಮಳೆಗೆ ಸವೆದ ದುರ್ಗದ ಬಂಡೆಗೆ ಅದಕ್ಕಿಂತ ಒಳ್ಳೆಯ ಶಿಲ್ಪಿಯಿಲ್ಲ. ಮೇಲೆ ಫೆವಿಕಾಲ್, ಮರಳು, ನೀರು ಮಾಡಿದ ಕಪ್ಪು, ಒಣ ಬ್ರಶ್ಶಿನಲ್ಲಿ ಸವರಿದ ಬೂದು. ಮುಗಿಯಿತು.

ಕಷ್ಟವಾದದ್ದು ಓಬವ್ವ. ಈ ಹವ್ಯಾಸ ಬೆಳೆದದ್ದು ಇಂಗ್ಲೆಂಡಿನಂಥ ಕಡೆ, ಸೈನಿಕರನ್ನು ಎರಕ ಹೊಯ್ಯುವವರು ಹೆಚ್ಚಾಗಿ ಅವರೇ. ಕೆಂಪಂಗಿಯ ಬ್ರಿಟಿಷ್ ಸಿಪಾಯಿ ಬೇಕೆಂದರೆ ನಿಂತವನು, ಕೂತವನು, ಬಂದೂಕಿಗೆ ಮದ್ದು ತುಂಬುವವನು, ಡೋಲು ಹೊಡೆಯುವವನು, ಎಷ್ಟು ಬೇಕಾದರೂ ಸಿಗುತ್ತಾರೆ. ಕಚ್ಚೆ ಸೀರೆ ಉಟ್ಟು ಒನಕೆ ಎತ್ತಿದ ಹೆಂಗಸು ಬೇಕೆಂದು ಹುಡುಕಿ ನೋಡಿ! ನಲ್ಲಿ ಸೋರಿಕೆಗೆ ಹಚ್ಚುವ ಎಂ-ಸೀಲಿನಲ್ಲಿ ನಾನೇ ಅವಳನ್ನು ತಿದ್ದಿದೆ; ಒನಕೆಗೆ ಊದುಬತ್ತಿ ಕಡ್ಡಿ. ಅಳತೆ ಸ್ವಲ್ಪ ಏರಿ ಉಳಿದ ಸೈನಿಕರ ಒಂದೂಕಾಲು ಪಟ್ಟಾಯಿತು. ಇರಲಿ ಎಂದು ಬಿಟ್ಟೆ.

ಯುದ್ಧದ ಹಿಂದಿನ ದಿನ ಅತ್ತೆ ಮಾವ ದುರ್ಗದಿಂದ ಬಂದರು. ಮಾವನವರು ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರಾಗಿ ನಿವೃತ್ತರಾದವರು. ಕೈ ಹಿಂದೆ ಕಟ್ಟಿಕೊಂಡು ಮೇಜಿಗೆ ಒಂದು ಪ್ರದಕ್ಷಿಣೆ ಬಂದು, "ಹೊಂಡ ಎಲ್ಲಿ ಅಳಿಯಂದ್ರೇ?" ಎಂದರು.

"ಜಾಗ ಸಾಲಲಿಲ್ಲ ಮಾವ."

"ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ, ಅದು ತುಂಬಿದ್ರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡ. ಒಂದು ತೊಟ್ಟು ಪೋಲಾಗಲ್ಲ. ಆ ಕಾಲದವರ ಕೆಲಸ ಅದು. ನೀವು ಗೋಡೆ ಕಟ್ಟಿದೀರಿ ಅಷ್ಟೆ." ಕನ್ನಡಕ ಸರಿಮಾಡಿಕೊಂಡು ಮುಂದುವರಿಸಿದರು. "ಗಂಡ ಊಟಕ್ಕೆ ಬಂದಾಗ ಕುಡಿಯೋಕೆ ನೀರಿಲ್ಲ ಅಂತ ತಾನೆ ಓಬವ್ವ ಆ ಕಡೆ ಹೋಗಿದ್ದು? ಹೊಂಡಾನೇ ಇಲ್ದಿದ್ರೆ ಅವಳು ಯಾಕೆ ಹೋಗ್ತಾಳೆ? ಕಥೆನೇ ಇಲ್ಲ."

ರಾತ್ರಿ ಕೂತು ಹೊಂಡ ತೋಡಿದೆ. ಅತ್ತೆಯವರ ಆಕ್ಷೇಪಣೆ ಬೇರೆ. 1972ರಲ್ಲಿ 'ನಾಗರಹಾವು' ಸಿನಿಮಾ ನೋಡಿದಾಗಿನಿಂದ ಅವರ ಪಾಲಿಗೆ ಓಬವ್ವ ಎಂದರೆ ಜಯಂತಿ. ಎಂ-ಸೀಲನ್ನು ಕಣ್ಣ ಹತ್ತಿರ ಹಿಡಿದು, "ಮೂಗು ಜಯಂತಿ ಥರ ಇಲ್ಲ" ಎಂದು ಕೆಳಗಿಟ್ಟರು.

ಹೈದರನ ಪರವಾಗಿ ಆಡಲು ಬಂದವನು ನನ್ನ ಗೆಳೆಯ, ಕಸುಬಿನಲ್ಲಿ ಆಡಿಟರ್. ನಿಯಮಗಳನ್ನು ಇಬ್ಬರೂ ಕೂಡಿ ಮೊದಲೇ ಬರೆದುಕೊಂಡಿದ್ದೆವು. ಕಿಂಡಿಯಲ್ಲಿ ಒಂದು ಸಲಕ್ಕೆ ಒಬ್ಬನೇ ನುಸುಳಬಹುದು. ನುಸುಳುವ ಪ್ರತಿ ತಲೆಗೆ ಒಂದು ದಾಳ. ಎರಡರಿಂದ ಆರರವರೆಗೆ ಏನು ಬಿದ್ದರೂ ಒನಕೆ ಏಟು. ಒಂದು ಬಿದ್ದರೆ ಮಾತ್ರ ಓಬವ್ವ ಸೋತಂತೆ. ಆರರಲ್ಲಿ ಐದು ಪಾಲು ನಮ್ಮದೇ ಎಂದು ನಾನು ಸಹಿ ಹಾಕಿದ್ದೆ.

ಮನೆಯವರೆಲ್ಲ ಸೇರಿದ್ದರು. ಅತ್ತೆಯವರು ಕಾಫಿ ತಟ್ಟೆ ಹಿಡಿದು ನಿಂತಿದ್ದರು. ಮಗ ಮೊಬೈಲ್ ಕೆಳಗಿಟ್ಟಿದ್ದ. ಇದನ್ನು ನಾನು ಕೋಟೆಯ ಮೊದಲ ಗೆಲುವೆಂದು ಭಾವಿಸಿದ್ದೆ. ಗೆಳೆಯ ತನ್ನ ಮೊದಲ ಸಿಪಾಯಿಯನ್ನು ಕಿಂಡಿಯೊಳಕ್ಕೆ ತಳ್ಳಿದ. ನಾನು ಓಬವ್ವನ ಪರವಾಗಿ ದಾಳ ಕುಲುಕಿದೆ. ಅದು ಬಂಡೆಗೆ ಬಡಿದು, ಹೊಂಡದ ದಂಡೆ ಸವರಿ, ಗೋಡೆಯ ಬುಡಕ್ಕೆ ಉರುಳಿ ನಿಂತಿತು.

ಒಂದು.

ಯಾರೂ ಉಸಿರೆತ್ತಲಿಲ್ಲ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಎದ್ದುಹೋಗಿ ಆರಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಗೆಳೆಯ ಓಬವ್ವನತ್ತ ಕೈ ಚಾಚಿದ. ಸತ್ತವರನ್ನು ಮೇಜಿನಿಂದ ಎತ್ತಿಡುವುದು ಆಟದ ಪದ್ಧತಿ. ಆ ಕೈಯನ್ನು ನನ್ನ ಹೆಂಡತಿ ನೋಡಿದ ನೋಟಕ್ಕೆ ಅದು ಅರ್ಧದಲ್ಲೇ ನಿಂತು, ಬಿಸ್ಕತ್ತಿನ ಕಡೆ ತಿರುಗಿತು.

"ಅದು ಸರಿಯಾಗಿ ಬೀಳ್ಲಿಲ್ಲ" ಎಂದರು ಅತ್ತೆ. "ಇನ್ನೊಂದ್ಸಲ ಹಾಕಿ."

"ವಾಲಿ ನಿಂತಿದ್ದರೆ ಮಾತ್ರ ಮತ್ತೆ ಹಾಕಬಹುದು ಅಮ್ಮ. ಇದು ಚಪ್ಪಟೆ ಬಿದ್ದಿದೆ" ಎಂದ ಆಡಿಟರ್.

ಆಗ ಮಾವನವರು ಎದ್ದರು. ಒಳಗೆ ಹೋಗಿ ತಮ್ಮ ಬ್ಯಾಗಿನಿಂದ ರಸಮಟ್ಟ ತಂದರು. ಮಗಳ ಮನೆಗೆ ಎರಡು ದಿನಕ್ಕೆಂದು ಬರುವವರು ರಸಮಟ್ಟವನ್ನೇಕೆ ತರುತ್ತಾರೆಂದು ನಾನು ಕೇಳಲಿಲ್ಲ. ಮೇಜಿನ ಮೇಲೆ ಉದ್ದಕ್ಕಿಟ್ಟು ನೋಡಿದರು, ಅಡ್ಡಕ್ಕಿಟ್ಟು ನೋಡಿದರು, ಬಗ್ಗಿ ಒಂದು ಕಣ್ಣು ಮುಚ್ಚಿ ಗುಳ್ಳೆ ನೋಡಿದರು. "ಸೈಟ್ ಲೆವೆಲ್ ಇಲ್ಲ" ಎಂದು ತೀರ್ಪು ಕೊಟ್ಟರು. "ಕಿಟಕಿ ಕಡೆಗೆ ಇಳಿಜಾರಿದೆ. ಬಿಲ್ಡರ್ ಫ್ಲೋರಿಂಗೇ ಸರಿ ಮಾಡಿಲ್ಲ. ಹಾಕಿದ ದಾಳ ಅಸಿಂಧು."

"ಇಳಿಜಾರಿದ್ದರೆ ದಾಳ ಉರುಳಬಹುದು ಸಾರ್, ಒಂದೇ ಯಾಕೆ ಬೀಳಬೇಕು?"

"ನಿಮ್ಮ ಅಬ್ಜೆಕ್ಷನ್ನು ಬರೆದು ಕೊಡಿ."

ಮೇಜಿನ ಒಂದು ಕಾಲಿಗೆ ಮದುವೆ ಕರೆಯೋಲೆ ಮಡಚಿ ಕೊಟ್ಟೆವು. ಸಾಲದೆ ಇನ್ನೊಂದು ಕರೆಯೋಲೆ. ಗುಳ್ಳೆ ನಡುವೆ ನಿಂತಿತು. ಮಾವನವರು ತಲೆಯಾಡಿಸಿ ಅನುಮತಿ ಕೊಟ್ಟರು. ಈ ಸಲ ದಾಳ ಹಾಕಿದವರು ಅತ್ತೆ. ಕೈ ಮುಗಿದು, ಕಣ್ಣು ಮುಚ್ಚಿ, ಊರಿನ ಏಕನಾಥೇಶ್ವರಿಯನ್ನು ನೆನೆದು ಹಾಕಿದರು.

ಮತ್ತೆ ಒಂದು.

ಗೆಳೆಯನಿಗೆ ಈಗ ನನ್ನ ಮೇಲೇ ಮರುಕ ಹುಟ್ಟಿತು. "ಲೆಕ್ಕ ನೋಡೋ" ಎಂದ. "ಹತ್ತು ಜನ ಒಬ್ಬೊಬ್ಬರಾಗಿ ಬಂದರೆ ಹತ್ತನ್ನೂ ಅವಳು ಗೆಲ್ಲೋ ಸಾಧ್ಯತೆ ನೂರಕ್ಕೆ ಹದಿನಾರು. ಕಿಂಡಿಯಲ್ಲಿ ಅವಳು ಹೊಡೆದದ್ದು ಹತ್ತೇ ಜನರನ್ನಲ್ಲವಲ್ಲ. ನಿನ್ನ ನಿಯಮದ ಪ್ರಕಾರ ಇದು ಆಗೋ ಮಾತೇ ಅಲ್ಲ."

"ಅದಕ್ಕೇ ಅವಳ ಹೆಸರು ಉಳಿದಿರೋದು" ಎಂದರು ಅತ್ತೆ.

ಅಷ್ಟು ಹೇಳಿ ಅವರು ಓಬವ್ವನನ್ನು ಮೇಜಿನಿಂದ ಎತ್ತಿಕೊಂಡರು. ಸೆರಗಿನ ತುದಿಯಲ್ಲಿ ಅವಳ ಮುಖ ಒರೆಸಿದರು. "ಗಂಡ ಒಳಗೆ ಊಟಕ್ಕೆ ಕೂತಿದ್ದ. ಇವಳು ನೀರು ತರೋಕೆ ಅಂತ ಹೋದೋಳು ತಿರುಗಿ ಬರ್ಲಿಲ್ಲ. ಕೂಗಿ ಕರೆದ್ರೆ ಗಂಡನ ಊಟ ಕೆಡುತ್ತೆ ಅಂದ್ಕೊಂಡ್ಲೋ ಏನೋ. ನೀವು ನೀವು ಆಡ್ಕೊಳ್ಳಿ, ಇವಳನ್ನ ಬಿಡಿ" ಎಂದು ದೇವರ ಮನೆಗೆ ಹೊರಟುಹೋದರು. ಕಾಫಿ ತಟ್ಟೆ ಮೇಜಿನ ತುದಿಯಲ್ಲಿತ್ತು. ಬೆಳಗಿನಿಂದ ನಾವು ಗಂಡಸರು ಎಷ್ಟು ಸಲ "ಅತ್ತೇ, ಇನ್ನೊಂದು ಲೋಟ" ಎಂದಿದ್ದೆವೆಂಬುದು ಅಲ್ಲಿದ್ದ ಖಾಲಿ ಲೋಟಗಳನ್ನು ನೋಡಿದರೇ ತಿಳಿಯುತ್ತಿತ್ತು. ಮಗ ಸದ್ದಿಲ್ಲದೆ ಎದ್ದು ಅವನ್ನು ಸಿಂಕಿಗೆ ಒಯ್ದ. ಕುಕ್ಕರನ್ನೂ ಅವನೇ ಆರಿಸಿದ.

ಆಟದ ವಿಷಯಕ್ಕೆ ಬಂದರೆ, ಕಿಂಡಿ ಈಗ ತೆರೆದೇ ಇತ್ತು, ಕಾವಲೂ ಇರಲಿಲ್ಲ. ನಿಯಮದಂತೆ ಹೈದರನ ಇಡೀ ದಂಡು ಒಬ್ಬೊಬ್ಬನಾಗಿ ಒಳಗೆ ಬರಬಹುದಿತ್ತು. ಗೆಳೆಯ ಸಿಪಾಯಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತ. ಕೊನೆಗೆ, "ಏನೋಪ್ಪ, ಯಾಕೋ ಸರಿ ಕಾಣ್ತಿಲ್ಲ" ಎಂದು ಅವನನ್ನು ಡಬ್ಬಿಗೆ ಹಾಕಿ ಮುಚ್ಚಳ ಹಾಕಿದ. 1779ರಲ್ಲಿ ದುರ್ಗ ಹೈದರನ ವಶವಾಗಿ, ದೊರೆ ಮದಕರಿ ನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದದ್ದು ನಮಗಿಬ್ಬರಿಗೂ ಗೊತ್ತಿತ್ತು. ನಮ್ಮ ಹಾಲಿನಲ್ಲಿ ಮಾತ್ರ ಆವತ್ತು ಕೋಟೆ ಬೀಳಲಿಲ್ಲ. ಮಾವನವರು ಉಳಿದ ಥರ್ಮೋಕೋಲಿನಲ್ಲಿ ಕಿಂಡಿಗೆ ಅಳತೆ ಮಾಡಿ ಒಂದು ತುಂಡು ಕೊಯ್ದು ಫೆವಿಕಾಲ್ ಹಾಕಿ ಜಡಿದರು. "ಪ್ಯಾಚ್ ವರ್ಕ್" ಎಂದರು, ಸೇವೆಯಲ್ಲಿದ್ದಾಗ ಕಾಣದ ತೃಪ್ತಿಯಿಂದ.

ಓಬವ್ವ ಈಗ ದೇವರ ಮನೆಯಲ್ಲಿದ್ದಾಳೆ. ದಸರಾ ಬಂದರೆ ಪಟ್ಟದ ಗೊಂಬೆಗಳ ಪಕ್ಕದಲ್ಲೇ ಕೂರಿಸಬೇಕೆಂದು ಅತ್ತೆಯವರ ಅಪ್ಪಣೆಯಾಗಿದೆ. ಕೋಟೆಯನ್ನು ಎಲ್ಲಿಡುವುದೆಂದು ಮಾತ್ರ ಯಾರೂ ಹೇಳಿಲ್ಲ. ಸದ್ಯಕ್ಕೆ ಅದು ನಮ್ಮ ಮಂಚದ ಮೇಲಿದೆ, ನಾವು ಕೆಳಗಿದ್ದೇವೆ.

ಮುಂದಿನದು ಶ್ರೀರಂಗಪಟ್ಟಣ ಎಂದು ಗೆಳೆಯ ಹೇಳಿದ್ದಾನೆ, 1799ರ ಮೇ 4, ಟಿಪ್ಪುವಿನ ಕೋಟೆ ಬಿದ್ದ ದಿನ. ಅದನ್ನು ಫೋನಿನಲ್ಲಿ ಮಾವನವರಿಗೆ ತಿಳಿಸಿದೆ. "ಆವತ್ತು ಕಾವೇರಿಯಲ್ಲಿ ನೀರೆಷ್ಟಿತ್ತು?" ಎಂದು ಕೇಳಿದರು.

"ಬೇಸಗೆ ಮಾವ. ಇಂಗ್ಲಿಷರು ಕಾಲ್ನಡಿಗೆಯಲ್ಲೇ ಹೊಳೆ ದಾಟಿ ಬಂದರು."

"ಕನ್ನಂಬಾಡಿ ಕಟ್ಟೆ?"

"ಅದು ಕಟ್ಟಿದ್ದು ನೂರು ವರ್ಷ ಆದಮೇಲೆ."

ಆ ಕಡೆ ಬಹಳ ಹೊತ್ತು ಮಾತಿಲ್ಲ. "ಮೇಲ್ಗಡೆ ಒಂದು ಸಣ್ಣ ಅಣೆಕಟ್ಟು ಇಟ್ಟಿರಿ" ಎಂದರು ಆಮೇಲೆ. "ಗೇಟು ನಾನು ನೋಡ್ಕೋತೀನಿ."