ಮೂರು ತಿಂಗಳ ಸೀನಿಯರ್

ಲಂಡನ್ನಿನ ಒಂದು ವರ್ಷದ ಎಂಎಸ್ಸಿಯಲ್ಲಿ ಎಲ್ಲಕ್ಕಿಂತ ಬೇಗ ಕೈಗೆ ಬರುವ ಪದವಿ ಸೀನಿಯರ್ ಪದವಿ. ಸೆಪ್ಟೆಂಬರಿನಲ್ಲಿ ಎರಡು ಸೂಟ್‌ಕೇಸು, ಒಂದು ಪ್ರೆಶರ್ ಕುಕ್ಕರ್ ಸಮೇತ ಹೀಥ್ರೂನಲ್ಲಿ ಇಳಿದು, ದಾರಿ ಕೇಳುವುದಕ್ಕೂ ಮನಸ್ಸಿನಲ್ಲೇ ವಾಕ್ಯ ಜೋಡಿಸಿಕೊಂಡ ಹುಡುಗನೇ ಜನವರಿ ಬ್ಯಾಚು ಬರುವ ಹೊತ್ತಿಗೆ ಅದೇ ಹೀಥ್ರೂನಲ್ಲಿ ಜೇಬಿಗೆ ಕೈ ಇಳಿಬಿಟ್ಟು ನಿಂತಿರುತ್ತಾನೆ. "ಬಾ ಮಗಾ. ಇದೇನ್ ಚಳಿ ಅಲ್ಲ ಬಿಡು. ಅಸಲಿ ಚಳಿ ನಮ್ ಕಾಲದಲ್ಲಿ ಇತ್ತು." ಅವನ ಕಾಲ ಎಂದರೆ ಹೋದ ತಿಂಗಳು.

2023ರ ಸೆಪ್ಟೆಂಬರ್ ಬ್ಯಾಚಿನ ಇಂಥ ಒಬ್ಬ ಸೀನಿಯರನ್ನು ನಾನು ಬಲ್ಲೆ. ಊರು ತುಮಕೂರಿನ ಕಡೆ. ಓದಿದ್ದು ಮೆಕ್ಯಾನಿಕಲ್, ಬೆಂಗಳೂರಿನಲ್ಲಿ ಮಾಡಿದ್ದು ಸಾಫ್ಟ್‌ವೇರ್ ಸಪೋರ್ಟು, ಇಲ್ಲಿ ಓದಲು ಬಂದಿದ್ದು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟು. ಯಾಕಪ್ಪಾ ಇದೇ ಕೋರ್ಸು ಎಂದರೆ, "ಕನ್ಸಲ್ಟೆನ್ಸಿಯವರು ಸ್ಕೋಪ್ ಇದೆ ಅಂದ್ರು ಸರ್." ಯೂನಿವರ್ಸಿಟಿ ಸ್ಕಾಟ್ಲೆಂಡಿನದು, ಕ್ಯಾಂಪಸ್ಸು ಲಂಡನ್ನಿನದು. ಸ್ಕಾಟ್ಲೆಂಡನ್ನು ಅವನು ಇದುವರೆಗೆ ಕಂಡಿರುವುದು ತನ್ನ ಐಡಿ ಕಾರ್ಡಿನ ಮೇಲೆ.

ಆ ಕ್ಯಾಂಪಸ್ಸಿಗೆ ಇಳಿಯಬೇಕಾದ ಡಿಎಲ್‌ಆರ್ ರೈಲು ಸ್ಟೇಷನ್ನಿನ ಹೆಸರು ಈಸ್ಟ್ ಇಂಡಿಯಾ. 1806ರಲ್ಲಿ ಅಲ್ಲಿ ಹಡಗುಕಟ್ಟೆ ತೆರೆದರು. ಕಂಪನಿಯ ಹಡಗುಗಳು ಚಹಾ, ಸಾಂಬಾರ ಪದಾರ್ಥಗಳನ್ನು ತಂದು ಇಳಿಸುತ್ತಿದ್ದವು. ಈಗ ಅದೇ ಜಾಗದಲ್ಲಿ ತುಮಕೂರಿನ ತೆಂಗಿನ ತೋಟದ ಮೇಲೆ ಎತ್ತಿದ ಸಾಲ ಬಂದು ಇಳಿಯುತ್ತಿದೆ. ಇದರಲ್ಲೊಂದು ಚೋದ್ಯವಿದೆಯಲ್ಲವೇ ಎಂದು ನಾನು ಮಾತು ತೆಗೆದೆ. ಅವನು ಅರ್ಧಕ್ಕೇ ತಡೆದ. "ಅಲ್ಲಿಗೆ ಡಿಎಲ್‌ಆರ್‌ನಲ್ಲಿ ಯಾಕೆ ಹೋಗ್ತೀರ ಸರ್? ಬಸ್ಸು 1.75 ಪೌಂಡು. ಒಂದು ಗಂಟೆ ಒಳಗೆ ಎಷ್ಟು ಬಸ್ ಹತ್ತಿಳಿದರೂ ಅಷ್ಟೇ."

ಸಾಲದ ಕಥೆಯನ್ನು ಮಾತ್ರ ಅವನು ಸೀನಿಯರ್‌ಗಿರಿ ಬಿಟ್ಟು ಹೇಳುತ್ತಾನೆ. ಆಗಿನ ವೀಸಾ ನಿಯಮದಂತೆ ಕಟ್ಟಬೇಕಾದ ಫೀಸಿನ ಜೊತೆಗೆ ಲಂಡನ್ನಿನ ಖರ್ಚಿಗೆ ತಿಂಗಳಿಗೆ 1,334 ಪೌಂಡಿನಂತೆ ಒಂಬತ್ತು ತಿಂಗಳ ದುಡ್ಡು, ಅಂದರೆ ಹನ್ನೆರಡು ಲಕ್ಷ ರೂಪಾಯಿಗೂ ಮೇಲೆ, 28 ದಿನ ಖಾತೆಯಲ್ಲಿ ಕದಲದೆ ಕೂತಿರಬೇಕಿತ್ತು. ಬ್ಯಾಂಕಿನ ಸಾಲ ಸಾಲದೆ ಬಂದದ್ದಕ್ಕೆ ಸೋದರಮಾವ ಕೈಗಡ ಕೊಟ್ಟರು. ದುಡ್ಡು ಅಪ್ಪನ ಖಾತೆಯಲ್ಲಿ ಕೂತಿದ್ದಷ್ಟು ದಿನ ಮಾವ ಸಂಜೆ ಸಂಜೆ ತಪ್ಪದೆ ಬಂದು ಕಾಫಿ ಕುಡಿದು ಭಾವನ ಯೋಗಕ್ಷೇಮ ವಿಚಾರಿಸಿ ಹೋಗುತ್ತಿದ್ದರಂತೆ. ಅದಕ್ಕೆ ಮುಂಚೆ ಅವರು ಆ ಮನೆಗೆ ಬರುತ್ತಿದ್ದದ್ದು ಯುಗಾದಿಗೆ.

ಬರಲಿರುವ ಜೂನಿಯರ್‌ಗಳಿಗೆ ಪಾಠ ಫೋನಿನಲ್ಲೇ ಶುರು. ಕುಕ್ಕರ್ ತಾ, ಗ್ಯಾಸ್ಕೆಟ್ ಎರಡು ತಾ. ಜಾಕೆಟ್ ತರಬೇಡ, ಇಲ್ಲಿ ಚಾರಿಟಿ ಅಂಗಡಿಯಲ್ಲಿ ಸಿಗುತ್ತೆ. ತುಪ್ಪ, ಪೇಡ ತರಬೇಡ, ಹಾಲಿನ ಪದಾರ್ಥ ತರೋದು ಇಲ್ಲಿನ ಕಾನೂನಿಗೆ ವಿರುದ್ಧ. ಹಾಗೆ ಉಳಿದ ಜಾಗದಲ್ಲಿ ನಮ್ಮಮ್ಮ ಎರಡು ಕೆಜಿ ಹುಳಿಪುಡಿ ಕೊಡ್ತಾರೆ, ಇಸ್ಕೊಂಡು ಬಾ. ಈ ಕೊನೆಯ ಸಲಹೆಗಾಗಿಯೇ ಉಳಿದ ಸಲಹೆಗಳು ಹುಟ್ಟಿದವೋ ಎಂಬ ಅನುಮಾನ ನನಗಿದೆ.

ಇಲ್ಫರ್ಡಿನಲ್ಲಿ ಅವನಿರುವ ಮನೆಯಲ್ಲಿ ಮೊದಲ ದಿನದ ತರಗತಿ ಒಗ್ಗರಣೆ. ಒಂದೊಂದು ರೂಮಿಗೆ ಇಬ್ಬಿಬ್ಬರು, ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ, ತಲೆಯ ಮೇಲೆ ಹೊಗೆಗೆ ಕೂಗುವ ಅಲಾರಮ್ಮು. ಕೇಕು ಸೀದರೆ ಕೂಗಲೆಂದು ಇಟ್ಟ ಆ ಯಂತ್ರಕ್ಕೆ ಒಣಮೆಣಸಿನಕಾಯಿಯ ಘಾಟು ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ಸೀನಿಯರ್ ವ್ಯೂಹ ರಚಿಸುತ್ತಾನೆ. ಒಬ್ಬ ಕಿಟಕಿ ತೆರೆಯಬೇಕು. ಒಬ್ಬ ಕುರ್ಚಿ ಹತ್ತಿ ಅಲಾರಮ್ಮಿನ ಕೆಳಗೆ ಟವೆಲ್ ಬೀಸುತ್ತಿರಬೇಕು. ಮೂರನೆಯವನು ರೂಮಿನ ಬಾಗಿಲು ಭದ್ರ ಮಾಡಬೇಕು, ಇಲ್ಲದಿದ್ದರೆ ನಾಳೆ ಕ್ಲಾಸಿನಲ್ಲಿ ಜಾಕೆಟ್ಟು ಇಂಗಿನ ವಾಸನೆ ಹೊಡೆಯುತ್ತದೆ. ಎಲ್ಲರೂ ತಂತಮ್ಮ ಜಾಗ ಹಿಡಿದ ಮೇಲೆ ಅವನು ಎಣ್ಣೆಗೆ ಸಾಸಿವೆ ಹಾಕುತ್ತಾನೆ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟನ್ನು ಅವನು ನಿಜವಾಗಿ ಪ್ರಯೋಗಕ್ಕಿಳಿಸಿದ್ದನ್ನು ನಾನು ಕಂಡದ್ದು ಅಲ್ಲೇ.

ಎರಡನೆಯ ಪಾಠ ಹಳದಿ ಚೀಟಿ. ಅವಧಿ ಮುಗಿಯುತ್ತಿರುವ ಬ್ರೆಡ್ಡು, ಸೊಪ್ಪು, ಮೊಸರಿಗೆ ಸೂಪರ್‌ಮಾರ್ಕೆಟ್ಟುಗಳು ಸಂಜೆಯ ಮೇಲೆ ಬೆಲೆ ಇಳಿಸಿ ಚೀಟಿ ಅಂಟಿಸುತ್ತವೆ. ಯಾವ ಅಂಗಡಿ ಎಷ್ಟು ಹೊತ್ತಿಗೆ ಅಂಟಿಸುತ್ತದೆ ಎಂಬುದು ಸೀನಿಯರಿಗೆ ಕಂಠಪಾಠ. ಹಾಗೆಂದು ಲಂಡನ್ ಗೊತ್ತು ಎನ್ನುವಂತಿಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನ ಒಳಗೆ ಅವನು ಹೋಗಿಲ್ಲ. ಅಲ್ಲಿ ಟಿಕೆಟ್ಟಿಲ್ಲ, ಪುಕ್ಕಟೆ ಎಂದು ತಿಳಿದ ದಿನವೇ, ಹಾಗಾದರೆ ಯಾವಾಗ ಬೇಕಾದರೂ ಹೋಗಬಹುದಲ್ಲ ಎಂದು ಮುಂದಕ್ಕೆ ಹಾಕಿದ.

ಹೋಗಲಿ, ಪುರಸೊತ್ತಾದರೂ ಎಲ್ಲಿದೆ? ಕ್ಲಾಸು ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮೀರಿ ದುಡಿಯುವಂತಿಲ್ಲ ಎಂಬುದು ವೀಸಾದ ಕಟ್ಟಳೆ. ಮೊಟ್ಟೆ ಕೂಡ ಹೊಸಿಲು ದಾಟದ ಮನೆಯ ಹುಡುಗ ಆ 20 ಗಂಟೆಯೂ ಕೋಳಿ ರೆಕ್ಕೆ ಕರಿಯುತ್ತಾನೆ. ಊರಿಗೆ ಹೇಳಿರುವುದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಎಂದು. ವಿಡಿಯೋ ಕಾಲಿನಲ್ಲಿ ಅಮ್ಮ ತಲೆಯ ಮೇಲಿನ ಕೆಂಪು ಟೋಪಿ ನೋಡಿ "ಇದೇನೋ?" ಎಂದರೆ "ಚಳಿ ಅಮ್ಮ." ಜುಲೈನಲ್ಲೂ ಚಳಿಯೇ.

ಒಮ್ಮೆ ಒಬ್ಬ ಜೂನಿಯರ್ ನಿಯಮ ಮುರಿದು ಓದಿನ ವಿಷಯ ಎತ್ತಿದ. "ಅಣ್ಣಾ, ರಿಸರ್ಚ್ ಮೆಥಡಾಲಜಿ ಹೇಗಿರುತ್ತೆ?" ಸೀನಿಯರ್ ಅವನನ್ನು ಕನಿಕರದಿಂದ ನೋಡಿದ. "ಸ್ಲೈಡ್ಸ್ ಇದೆ. ಕಳಿಸ್ತೀನಿ. ಮೊದಲು ಬ್ಯಾಂಕ್ ಅಕೌಂಟ್ ಓಪನ್ ಮಾಡು."

ಇಷ್ಟರ ನಡುವೆ ದೇಶದ ಭವಿಷ್ಯಕ್ಕೂ ಅವನು ಕೈ ಹಾಕಿದ. ಕಾಮನ್‌ವೆಲ್ತ್ ದೇಶದವರು ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ನೆಲೆಸಿದ್ದರೆ, ವಿದ್ಯಾರ್ಥಿಯೇ ಆಗಿರಲಿ, ಪಾರ್ಲಿಮೆಂಟ್ ಚುನಾವಣೆಯಲ್ಲೂ ಮತ ಹಾಕಬಹುದು. ಸೀನಿಯರ್ ಮತದಾರರ ಪಟ್ಟಿಗೆ ಹೆಸರು ಸೇರಿಸಿದ್ದು ಪ್ರಜಾಪ್ರಭುತ್ವಕ್ಕಲ್ಲ, ಪಟ್ಟಿಯಲ್ಲಿದ್ದರೆ ಕ್ರೆಡಿಟ್ ಸ್ಕೋರ್ ಏರುತ್ತದೆ, ಕಂತಿನಲ್ಲಿ ಮೊಬೈಲ್ ಸಿಗುತ್ತದೆ ಎಂದು. ಹೆಸರು ಸೇರಿದ ಮೇಲೆ ಸುಮ್ಮನಿರಲಾದೀತೇ? 2024ರ ಜುಲೈ 4ರಂದು ಹೋಗಿ ಓಟು ಹಾಕಿ ಬಂದ. ಯಾರಿಗೆ ಎಂದು ಕೇಳಿದೆ. "ಅದು ಗುಟ್ಟು ಸರ್" ಎಂದ, ಹುಟ್ಟಾ ಲಂಡನ್ನಿನವನ ಹಾಗೆ. ಅದೇ ವರ್ಷ ಏಪ್ರಿಲ್‌ನಲ್ಲಿ ಕೆಲಸದ ವೀಸಾಕ್ಕೆ ಬೇಕಾದ ಸಾಮಾನ್ಯ ಸಂಬಳದ ಮಿತಿಯನ್ನು 26,200ರಿಂದ 38,700 ಪೌಂಡಿಗೆ ಏರಿಸಿದ್ದರು. ಗುಟ್ಟು ಊಹಿಸುವುದು ಕಷ್ಟವಿರಲಿಲ್ಲ.

ಓದು ಮುಗಿದ ಮೇಲೆ ಅಪ್ಪ, ಅಮ್ಮ ಮಗನ ಲಂಡನ್ ನೋಡಲು ಬಂದರು. ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, ಥೇಮ್ಸ್ ದಂಡೆಯ ಮೇಲಿರುವ ಬಸವಣ್ಣನ ಪ್ರತಿಮೆಗೆ ಕರೆದುಕೊಂಡು ಹೋದ, ಬಸ್ಸಿನಲ್ಲಿ. 2015ರ ನವೆಂಬರಿನಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಅಮ್ಮ ಚಪ್ಪಲಿ ಬಿಟ್ಟು ಆ ಕೊರೆಯುವ ಕಲ್ಲಿನ ಮೇಲೆ ನಿಂತು ಕೈ ಮುಗಿದರು. ಅಪ್ಪ ನದಿಯಾಚೆ ಕೈ ತೋರಿಸಿ ಅದೇನು ಎಂದರು.

"ಅದು ಪಾರ್ಲಿಮೆಂಟು ಅಪ್ಪಾಜಿ. ಹೋದ ಎಲೆಕ್ಷನ್‌ನಲ್ಲಿ ನಾನೂ ಓಟು ಹಾಕ್ದೆ."

ಅಪ್ಪ ಸ್ವಲ್ಪ ಹೊತ್ತು ಪಾರ್ಲಿಮೆಂಟನ್ನೂ ಮಗನನ್ನೂ ನೋಡಿದರು. "ಬೆಂಗಳೂರಲ್ಲಿದ್ದಾಗ ಗ್ರಾಮ ಪಂಚಾಯ್ತಿ ಎಲೆಕ್ಷನ್ನಿಗೆ ಬಾ ಅಂದ್ರೆ, ಬಸ್ ರಶ್ಶು ಅಂತ ಬರ್ಲಿಲ್ವಲ್ಲೋ ನೀನು."

"ಅಲ್ಲಿ ಏನ್ ಸಿಗುತ್ತೆ ಅಪ್ಪಾಜಿ?" ಎಂದವನೇ ಮೊಬೈಲಿನಲ್ಲಿ ಗಂಟೆ ನೋಡಿದ. "ಬೇಗ ಫೋಟೋ ತೆಗೀರಿ. ಇನ್ನು ಒಂಬತ್ತು ನಿಮಿಷದಲ್ಲಿ ಬಸ್ ಹತ್ತಿದ್ರೆ ಮತ್ತೆ ದುಡ್ಡು ಕಟ್ ಆಗಲ್ಲ."